ನೆರೆಯವರ ದುಃಖಕ್ಕೂ ನಾವು ಸಾಕ್ಷಿಗಳು



ನ್ಯಾಯದ ಪರವಾಗಿ ಗಟ್ಟಿಯಾಗಿ ನಿಲ್ಲಬೇಕು, ಸಾಕ್ಷ್ಯವು ನಮಗೆ, ನಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ಎಂದು ಸೂರಃ ಅನ್ನಿಸಾದ 135ನೇ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ.

1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಮ್ ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ಸುಳಿವು ಸಿಗದಿರಲೆಂದು ಹೂತ ಶವಗಳನ್ನು ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದರು. ತಾಯಂದಿರು ಸುಮ್ಮನಾಗಲಿಲ್ಲ. ಮೂಳೆಗಳ ಗುರುತು ಪತ್ತೆಗೆ ತಮ್ಮ ರಕ್ತ ಕೊಟ್ಟರು, ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಗುರುತು ಸಿಕ್ಕವರನ್ನು ಜುಲೈ 11ರಂದು ಪೊಟೊಚಾರಿಯಲ್ಲಿ ದಫನ ಮಾಡುತ್ತಾ ಬಂದರು. ಅಂಥದ್ದು ನಡೆದೇ ಇಲ್ಲ ಎನ್ನುವವರ ಮಾತು ಅವರಿಗೆ ಗಾಯದ ಮೇಲೆ ಬರೆ ಎಳೆದಂತೆ. ನಮಗೂ ಅದು ನೋವು ತರುತ್ತದೆ.

ಹಾಗಾದರೆ ನಮ್ಮ ನೆರೆಯವರ ನೋವಿಗೆ ನಾವು ಏನೆನ್ನುತ್ತೇವೆ? 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಕಂಪನಿಯ ಸೈನಿಕರು ಊರನ್ನು ದೋಚಿದ್ದನ್ನು ಮಕ್ಕಳಿಗೆ ಹೇಳುತ್ತೇವೆ, ಹೇಳಲೇಬೇಕು. ಆದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನದವರು ನರಕ ಚತುರ್ದಶಿಯಂದು ಹಬ್ಬ ಮಾಡುವುದಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ತಮ್ಮ ಹಿರಿಯರನ್ನು ಅಂದು ಕೊಲ್ಲಲಾಯಿತೆಂಬುದು ತಲೆಮಾರುಗಳಿಂದ ಅವರು ಕಾಪಿಟ್ಟುಕೊಂಡ ನೆನಪು. ಸುಲ್ತಾನರು ಕಂಪನಿಯ ವಿರುದ್ಧ ಹೋರಾಡುತ್ತಾ ಮಡಿದದ್ದು ನಿಜ. 1791ರಲ್ಲಿ ಮರಾಠಾ ದಂಡು ದೋಚಿದ ಶೃಂಗೇರಿ ಮಠಕ್ಕೆ ನೆರವು ಕಳಿಸಿದ್ದೂ ನಿಜ. ಆದರೆ ಇವನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಹಬ್ಬದಂದು ದುಃಖದಲ್ಲಿರುವ ಮನೆಯ ಮುಂದೆ ವಾದ ಹೂಡಬಾರದು, ಅವರ ಮಾತು ಕೇಳಬೇಕು. ಹಾಗೆಯೇ, ಅಂದಿನ ಹೊರೆಯನ್ನು ಇಂದಿನ ಮುಸ್ಲಿಮರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಕುರ್‌ಆನ್ ಕಲಿಸಿದೆ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ವೇಳೆ ಗಲಭೆಯಾಗಿ ಎರಡೂ ಸಮುದಾಯದವರ ಅಂಗಡಿಗಳು ಸುಟ್ಟವು. ಇದನ್ನು ಹತ್ಯಾಕಾಂಡಕ್ಕೆ ಹೋಲಿಸಲಾಗದು. ಆದರೆ ಚೇತರಿಸಿಕೊಳ್ಳುವ ದಾರಿ ಒಂದೇ. ನಮ್ಮ ಹುಡುಗ ಕಲ್ಲೆಸೆದದ್ದನ್ನು ಕಂಡಿದ್ದರೆ ಕಂಡೆವೆನ್ನಬೇಕು. ನಿರಪರಾಧಿ ಜೈಲಿನಲ್ಲಿದ್ದರೆ, ಅವನು ಯಾರ ಮಗನೇ ಆಗಲಿ, ಅವನ ಪರ ನಿಲ್ಲಬೇಕು. ನಮ್ಮ ನಷ್ಟ ಹೇಳುವಾಗ ಪಕ್ಕದ ಅಂಗಡಿಯವರ ನಷ್ಟವನ್ನೂ ಹೇಳಬೇಕು. ಕೆ.ಆರ್.ಪೇಟೆಯ ಸಂತೆಯಲ್ಲಿ ವದಂತಿ ಕಿವಿಗೆ ಬಿದ್ದರೆ, ಮೊಬೈಲಿನಲ್ಲಿ ಹಂಚುವ ಮುನ್ನ ವಿಚಾರಿಸಬೇಕು.

ಮಕ್ಕಾ ವಿಜಯದ ದಿನ ಪ್ರವಾದಿ ಮುಹಮ್ಮದ್‌ (ಸ)ರವರು ತಮ್ಮನ್ನು ಊರು ಬಿಡಿಸಿದವರನ್ನು ಕ್ಷಮಿಸಿದರು. ಅವರು ಮಾಡಿದ್ದನ್ನು ಸುಳ್ಳೆನ್ನಲಿಲ್ಲ, ಸೇಡನ್ನೂ ತೀರಿಸಿಕೊಳ್ಳಲಿಲ್ಲ.

ಸತ್ಯ ನುಡಿಯುವ ಧೈರ್ಯವನ್ನೂ ಕ್ಷಮಿಸುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.