ಕ್ಯಾಲರಿ ಲೆಕ್ಕವೊಂದೇ ಸಾಕೇ?



ಮೈತೂಕ ಇಳಿಸಲು ಕ್ಯಾಲರಿ ಎಣಿಸಬೇಕೆನ್ನುತ್ತಾರೆ. ಬ್ಯಾಂಕಿನಲ್ಲಿ ಜಮೆ-ಖರ್ಚು ಬರೆದ ನನಗೆ ಈ ಲೆಕ್ಕ ಒಪ್ಪಿಗೆಯೇ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಪಿಷ್ಟಕ್ಕೆ 4. ಮಧೂರಿನ ಅಪ್ಪ ಪ್ರಸಾದವೇ ಆದರೂ, ಪೊಟ್ಟಣ ಮುಗಿಸಿದರೆ ದೇಹ ಜಮೆ ಹಾಕಿಕೊಳ್ಳುತ್ತದೆ.

ಆದರೆ ಹಸಿವೆಗೆ ಲೆಕ್ಕ ಗೊತ್ತಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಬಡಿಸಿದರು. ಬಡಿಸಿದ ಕ್ಯಾಲರಿ ಸಮವೇ. ತಿನ್ನುವುದು ಅವರವರ ಇಷ್ಟ. ಸಿದ್ಧ ಆಹಾರವಿದ್ದಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ತೂಕವೂ ಏರಿತು.

ಆದ್ದರಿಂದ ಬೇಕರಿ ತಿಂಡಿ ಕಡಿಮೆಯಾಗಲಿ. ಕುಚ್ಚಿಲಕ್ಕಿ ಗಂಜಿಯ ಜೊತೆಗೆ ಹೆಸರುಕಾಳು, ಹರಿವೆ ಪಲ್ಯ ಹೆಚ್ಚಲಿ. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬೇಡಿ. ಎಷ್ಟು ತಿಂದಿರೆಂದು ಎಣಿಸಿ. ಏನು ತಿಂದಿರೆಂದೂ ನೋಡಿ.