ತರಬೇತಿ ಕೊಡಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು
(ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಸಂಘ ನನಗೆ ವಹಿಸಿದೆ. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಬಿಲ್ಲು, ರಸೀದಿ ಓದುವುದು ಹೊಸತೇನಲ್ಲ. ಹೃದಯ, ಕಿಡ್ನಿ, ಕ್ಯಾನ್ಸರ್ ಎಂದು ಬರುವ ಅರ್ಜಿಗಳ ಮುಂದೆ ನಾವು ಕೈಮುಗಿದು ನೆರವು ಕೊಡುತ್ತೇವೆ. ಆದರೆ ಕೆಲವು ಬಿಲ್ಲುಗಳು ಬರದೇ ಇರಬಹುದಿತ್ತು. ಈ ವರ್ಷ ಬಂದ ಒಂದು ಅರ್ಜಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ 22 ವರ್ಷದ ಹುಡುಗನದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಪಕ್ಕದಲ್ಲಿದ್ದವನು ಗಾಬರಿಯಲ್ಲಿ ಒಂದು ಚೊಂಬು ನೀರು ಸುರಿದ. ಕಾದ ಎಣ್ಣೆಯೊಳಗೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನೇ ಎಲ್ಲೆಡೆ ಎರಚಿತು. ಹುಡುಗನ ಎಡಗೈ, ಕುತ್ತಿಗೆ ಸುಟ್ಟವು. ಚರ್ಮ ಕಸಿಯ ಶಸ್ತ್ರಚಿಕಿತ್ಸೆ ಎರಡು ಬಾರಿ ಆಯಿತು. ಅಲ್ಲಿ ಬೇಕಾಗಿದ್ದದ್ದು ಗ್ಯಾಸ್ ಬಂದ್ ಮಾಡಿ ಬಾಣಲೆಗೆ ಮುಚ್ಚಳ ಹಾಕಬೇಕೆಂಬ ತಿಳಿವಳಿಕೆ ಮಾತ್ರ.

ಸಮಿತಿಯಲ್ಲಿ ಒಬ್ಬ ಮಿತ್ರರು, "ನಿಧಿಯ ಹಣದಲ್ಲೇ ಸುರಕ್ಷತಾ ತರಬೇತಿ ಕೊಡಿಸಿದರೆ ಹೇಗೆ?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೂ ನಾನು ಬೇಡವೆಂದೆ. ಔಷಧೋಪಚಾರಕ್ಕೆಂದು ದಾನಿಗಳು ಕೊಟ್ಟದ್ದು ಔಷಧೋಪಚಾರಕ್ಕೇ ಹೋಗಬೇಕು. ತರಬೇತಿಯ ಖರ್ಚು ಕೆಲಸ ಕೊಟ್ಟವರದು. 1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಾಗ, ಸುರಕ್ಷತೆಯ ತರಬೇತಿ ಪಡೆಯುವುದು ಕಾರ್ಮಿಕನ ಹಕ್ಕು ಎಂದೇ ಬರೆದರು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಹೋಟೆಲು ಕಾರ್ಖಾನೆಯಾಗಿರಲಿಲ್ಲ, ನಿಜ. ಆದರೆ ಬೆಂಕಿಗೆ ಆ ವ್ಯಾಖ್ಯೆ ಗೊತ್ತಿಲ್ಲ. 2015ರ ಅಕ್ಟೋಬರಿನಲ್ಲಿ ಕುರ್ಲಾದ ಒಂದು ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಎಂಟು ಮಂದಿ ತೀರಿಕೊಂಡದ್ದು ನಿಮಗೆಲ್ಲ ನೆನಪಿರಬಹುದು.

ಈ ಸಭೆಯಲ್ಲಿ ಹೋಟೆಲ್ ಮಾಲೀಕರಿದ್ದೀರಿ, ಡೊಂಬಿವಲಿ, ಭಿವಂಡಿ ಕಡೆ ಸಣ್ಣ ಕಾರ್ಖಾನೆ ನಡೆಸುವವರಿದ್ದೀರಿ. ತರಬೇತಿ ಕೊಡಿಸಲು ನಿಮ್ಮಲ್ಲಿ ಅನೇಕರು ಸಿದ್ಧರಿದ್ದೀರಿ; ಯಾರಿಂದ, ಎಂಥದ್ದು ಎಂಬುದೇ ಗೊಂದಲ. ಸಾಲದ ಅರ್ಜಿ ನೋಡುವಾಗ ನಾವು ಕೆಲವು ಪ್ರಶ್ನೆ ಕೇಳುತ್ತಿದ್ದೆವು. ಇಲ್ಲಿಯೂ ಹಾಗೆಯೇ ಐದು ಪ್ರಶ್ನೆ ಕೇಳಿ ನೋಡಿ.

ಮೊದಲನೆಯದು, ತರಬೇತುದಾರರು ನಿಮ್ಮ ಜಾಗವನ್ನು ಮೊದಲು ಬಂದು ನೋಡುತ್ತಾರೆಯೇ? ಅಡುಗೆಮನೆಯ ಅಪಾಯ ಬಿಸಿ ಎಣ್ಣೆ, ಗ್ಯಾಸ್, ಜಾರುವ ನೆಲ, ಗ್ರೈಂಡರಿನ ಕರೆಂಟು. ಕಾರ್ಖಾನೆಯ ಅಪಾಯ ಪ್ರೆಸ್ ಯಂತ್ರ, ರಾಸಾಯನಿಕ. ಎಲ್ಲರಿಗೂ ಒಂದೇ ಪಾಠ ಒಪ್ಪಿಸುವವರು ಬೇಡ.

ಎರಡನೆಯದು, ಯಾವ ಭಾಷೆಯಲ್ಲಿ ಹೇಳುತ್ತಾರೆ? ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿ ತುಳು, ಕನ್ನಡ ಸಾಕಾಗಿತ್ತು. ಈಗ ಒಡಿಶಾ, ಬಂಗಾಳ, ನೇಪಾಳದ ಹುಡುಗರೂ ಇದ್ದಾರೆ. ಇಂಗ್ಲಿಷ್ ಸ್ಲೈಡು ತೋರಿಸಿದರೆ ಕೊನೆಗೆ ಕೈಚಪ್ಪಾಳೆ ಬರುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಮೂರನೆಯದು, ಪ್ರತಿಯೊಬ್ಬನೂ ಕೈಯಾರೆ ಮಾಡಿ ಕಲಿಯುತ್ತಾನೆಯೇ? ಗೋಡೆಗೆ ತೂಗುಹಾಕಿದ ಅಗ್ನಿಶಾಮಕದ ಪಿನ್ನು ಎಳೆಯಲು ಬಾರದಿದ್ದರೆ ಅದು ಬರೀ ಅಲಂಕಾರ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆಯೇ ಹರಡುತ್ತದೆ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು, ವಾಲ್ವ್ ಬಂದ್ ಮಾಡಿ ಬಾಗಿಲು ಕಿಟಕಿ ತೆರೆಯಬೇಕು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಅರಿಸಿನ, ಐಸು ಹಚ್ಚಬಾರದು. ಇವನ್ನು ಅವರು ನಿಮ್ಮದೇ ಭಟ್ಟಿಯ ಮುಂದೆ, ನಿಮ್ಮದೇ ವಾಲ್ವ್ ಹಿಡಿದು ಮಾಡಿಸಬೇಕು.

ನಾಲ್ಕನೆಯದು, ಯಾವ ಹೊತ್ತಿಗೆ? ವಾರದ ರಜೆಯ ದಿನ ಕರೆದರೆ ಹುಡುಗರು ನಿದ್ದೆ ಮಾಡುತ್ತಾರೆ. ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ, ಸಂಬಳದ ಹೊತ್ತೆಂದೇ ಲೆಕ್ಕ ಹಿಡಿದು ಮಾಡಿ. ರಾತ್ರಿ ಪಾಳಿಯವರನ್ನು, ಪಾತ್ರೆ ತೊಳೆಯುವವರನ್ನು ಬಿಡಬೇಡಿ. ಮ್ಯಾನೇಜರರೂ ಕೂರಲಿ, ನೀವೂ ಕೂರಿ.

ಐದನೆಯದು, ಮತ್ತೆ ಯಾವಾಗ ಬರುತ್ತಾರೆ? ನಮ್ಮಲ್ಲಿ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಇಂದು ಕಲಿತವನು ದೀಪಾವಳಿಗೆ ಊರಿಗೆ ಹೋದರೆ ವಾಪಸು ಬರುವುದು ಖಾತ್ರಿಯಿಲ್ಲ. ಹೊಸಬ ಬಂದ ಮೊದಲ ದಿನವೇ ಅವನಿಗೆ ತೋರಿಸಿಕೊಡಲು ನಿಮ್ಮವರಲ್ಲೇ ಇಬ್ಬರನ್ನು ತಯಾರು ಮಾಡಿ ಕೊಡುವ ತರಬೇತಿ ಉತ್ತಮ.

ಸರ್ಟಿಫಿಕೇಟು ಫೈಲಿನಲ್ಲಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಪರೀಕ್ಷೆ ಬೇರೆ. ಒಂದು ತಿಂಗಳ ನಂತರ ಯಾವನೋ ಒಬ್ಬ ಹುಡುಗನನ್ನು ಕರೆದು, "ಗ್ಯಾಸಿನ ಮುಖ್ಯ ವಾಲ್ವ್ ಎಲ್ಲಿದೆ, ಹಿಂದಿನ ಬಾಗಿಲಿನ ಕೀಲಿ ಯಾರಲ್ಲಿದೆ?" ಎಂದು ಕೇಳಿ. ಅವನು ತಡವರಿಸಿದರೆ ನೀವು ಕೊಟ್ಟ ಹಣ ವಸೂಲಾಗಿಲ್ಲ.

ಅಗ್ನಿಶಾಮಕ ಮಾರುವವರು ಉಚಿತವಾಗಿ ಕಲಿಸಲು ಬಂದರೆ ಕಲಿಯಿರಿ, ಆದರೆ ಅವರ ವ್ಯಾಪಾರವೂ ಅದರಲ್ಲಿದೆ ಎಂಬುದು ನೆನಪಿರಲಿ. 1966ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಸೇಫ್ಟಿ ಕೌನ್ಸಿಲಿನ ಮುಖ್ಯ ಕಚೇರಿ ನಮ್ಮ ನವಿ ಮುಂಬೈಯಲ್ಲೇ ಇದೆ. ಪ್ರಥಮ ಚಿಕಿತ್ಸೆ ಕಲಿಸುವ ಸೇಂಟ್ ಜಾನ್ ಆಂಬ್ಯುಲೆನ್ಸ್ ಇದೆ. ಒಂದೇ ರಸ್ತೆಯ ಮೂರು ನಾಲ್ಕು ಹೋಟೆಲಿನವರು ಸೇರಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

ಇನ್ನೊಂದು ಮಾತು. ಆ ಹುಡುಗನ ಹೆಸರು ಇಎಸ್‌ಐಯಲ್ಲಿ ಇರಲಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಮಾಲೀಕರು ಶೇ. 3.25, ನೌಕರ ಶೇ. 0.75 ಕಟ್ಟಿದರೆ ಆಸ್ಪತ್ರೆಯ ಚಿಕಿತ್ಸೆಯೂ, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತ ದಿನಗಳ ಪರಿಹಾರವೂ ಸಿಗುತ್ತದೆ. ಯೋಜನೆ ಅನ್ವಯಿಸುವ ಕಡೆ ದಯವಿಟ್ಟು ಒಬ್ಬನ ಹೆಸರನ್ನೂ ಬಿಡಬೇಡಿ.

ಆ ಹುಡುಗನ ಎಡಗೈ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಫಿಸಿಯೋಥೆರಪಿ ಮುಂದುವರಿಯಬೇಕು, ಊರಿನಲ್ಲಿ ತಾಯಿ, ಓದುವ ತಂಗಿ ಇವನ ದುಡಿಮೆಯನ್ನೇ ನಂಬಿದ್ದಾರೆ. ಅವನಂಥವರಿಗಾಗಿ ನಿಧಿಗೆ ನಿಮ್ಮ ಕೈಲಾದಷ್ಟು ಕೊಡಿ, ರಸೀದಿ ಕೇಳಿ ಪಡೆಯಿರಿ. ಮಾಲೀಕರಾದವರಲ್ಲಿ ಇನ್ನೂ ಒಂದು ವಿನಂತಿ: ಈ ತಿಂಗಳೊಳಗೆ ಒಂದು ಮಧ್ಯಾಹ್ನ ನಿಮ್ಮ ಹುಡುಗರಿಗೆ ಕೊಡಿ. ಅದಕ್ಕೆ ನಮ್ಮಲ್ಲಿ ರಸೀದಿ ಇಲ್ಲ. ಆದರೆ ಮುಂದಿನ ವರ್ಷ ಇಂಥ ಒಂದು ಅರ್ಜಿ ಕಡಿಮೆ ಬಂದರೆ, ಆ ಹಣ ಇನ್ನೊಬ್ಬರ ಡಯಾಲಿಸಿಸ್‌ಗೆ ಆಗುತ್ತದೆ.