ಕಡಲಿಗಿಳಿಯುವ ಮುನ್ನ ಹೃದಯದ ಪರೀಕ್ಷೆ



ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತಣ ನೀರಿನಲ್ಲಿ ಮುಳುಗಿ ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡಿಬರುವ ಹವ್ಯಾಸ ಈಗ ನಮ್ಮವರಲ್ಲಿಯೂ ಬೆಳೆದಿದೆ. ಇದಕ್ಕೆ ಸ್ಕೂಬಾ ಡೈವಿಂಗ್ ಎಂದು ಹೆಸರು. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗನ್ಯಾನ್ ರೂಪಿಸಿದ ಉಸಿರಾಟದ ಉಪಕರಣವೇ ಇದಕ್ಕೆ ದಾರಿ ತೆರೆಯಿತು. ಬೆನ್ನಿಗೆ ಕಟ್ಟಿದ ಸಿಲಿಂಡರನ್ನು ಪರೀಕ್ಷಿಸದೆ ಯಾರೂ ನೀರಿಗಿಳಿಯುವುದಿಲ್ಲ. ಎದೆಯೊಳಗಿನ ಯಂತ್ರದ ಪರೀಕ್ಷೆಯಾದರೋ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ನೀರು ಹೃದಯಕ್ಕೆ ಮಾಡುವುದೇನು? ಕುತ್ತಿಗೆಯವರೆಗೆ ಮುಳುಗಿದೊಡನೆ ಕೈಕಾಲುಗಳ ರಕ್ತನಾಳಗಳಿಂದ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಕಡೆಗೆ ಸರಿಯುತ್ತದೆ. ತಣ್ಣೀರು ಚರ್ಮದ ನಾಳಗಳನ್ನು ಕುಗ್ಗಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಹತ್ತು ಮೀಟರ್ ಆಳದಲ್ಲಿ ಸುತ್ತಲಿನ ಒತ್ತಡ ದಂಡೆಯಲ್ಲಿರುವುದರ ಎರಡರಷ್ಟಾಗುತ್ತದೆ. ಉಸಿರಾಡುವ ಗಾಳಿಯೂ ಅಷ್ಟೇ ಸಾಂದ್ರವಾಗುತ್ತದೆ. ಗಟ್ಟಿ ಹೃದಯ ಈ ಭಾರವನ್ನು ಸಲೀಸಾಗಿ ಹೊರುತ್ತದೆ. ದುರ್ಬಲ ಹೃದಯ ಸೋತರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಬಡಿತದ ತಾಳವೇ ತಪ್ಪಬಹುದು. ನೆಲದ ಮೇಲೆ ಎದೆ ನೋವು ಬಂದವನು ಕುಳಿತು ಯಾರನ್ನಾದರೂ ಕೂಗಿ ಕರೆಯಬಹುದು. ನೀರಿನಾಳದಲ್ಲಿ ಕುಳಿತುಕೊಳ್ಳುವಂತಿಲ್ಲ, ಕೂಗುವಂತಿಲ್ಲ. ಇಂಥ ವಿಹಾರದಲ್ಲಿ ಸಂಭವಿಸಿದ ಸಾವುಗಳನ್ನು ಅಧ್ಯಯನ ಮಾಡಿದವರು ಅವುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹೃದಯದ ಸಂಬಂಧವನ್ನು ಕಂಡಿದ್ದಾರೆ.

"ಡಾಕ್ಟರೇ, ಇ.ಸಿ.ಜಿ. ಸರಿಯಿದೆ, ಮುಳುಗಬಹುದಲ್ಲವೇ?" ಎಂದು ನನ್ನನ್ನು ಕೇಳುವವರುಂಟು. ಮಲಗಿ ತೆಗೆಸಿದ ಇ.ಸಿ.ಜಿ. ವಿಶ್ರಾಂತಿಯಲ್ಲಿರುವ ಹೃದಯದ ವರದಿ. ನಮಗೆ ಬೇಕಾದುದು ದುಡಿಯುವ ಹೃದಯದ ಸಮಾಚಾರ. ಸುಮ್ಮನೆ ಕುಳಿತಾಗ ದೇಹ ಬಳಸುವ ಆಮ್ಲಜನಕವನ್ನು ವೈದ್ಯರು ಒಂದು 'ಮೆಟ್' ಎಂದು ಎಣಿಸುತ್ತಾರೆ. ಮುಳುಗುವವನು 6 ಮೆಟ್‌ಗಳ ಶ್ರಮವನ್ನು ಆಯಾಸವಿಲ್ಲದೆ ನಡೆಸಬೇಕು. ಸೆಳೆತ ಎದುರಾದ ಗಳಿಗೆಗೆ 10 ಮೆಟ್‌ಗಳ ಶಕ್ತಿ ಕೈಯಲ್ಲಿರಬೇಕು. ಟ್ರೆಡ್‌ಮಿಲ್ ಪರೀಕ್ಷೆಯ ರೂಢಿಯ ಕ್ರಮದಲ್ಲಿ ಮೂರನೆಯ ಹಂತವನ್ನು, ಎಂದರೆ ಒಂಬತ್ತು ನಿಮಿಷವನ್ನು, ನೋವಿಲ್ಲದೆ ಪೂರೈಸಿದವರಿಗೆ ಹೆಚ್ಚುಕಡಿಮೆ ಅಷ್ಟು ಶಕ್ತಿಯಿದೆ ಎನ್ನಬಹುದು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಆ ಮಾತ್ರೆ ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ.

ಇನ್ನೊಂದು ಸಂಗತಿ. ಗರ್ಭದಲ್ಲಿ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಇದ್ದ ಕಿಂಡಿ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಮೇಲೇರುವಾಗ ರಕ್ತದಲ್ಲಿ ಮೂಡುವ ಸಾರಜನಕದ ಗುಳ್ಳೆಗಳು ಅದರ ಮೂಲಕ ಮಿದುಳಿನ ಕಡೆಗೆ ನುಸುಳಬಹುದು. ಎಲ್ಲರೂ ಇದಕ್ಕಾಗಿ ಪರೀಕ್ಷೆಗೆ ಓಡಬೇಕಿಲ್ಲ. ಹಿಂದೆ ಮುಳುಗಿ ಎದ್ದ ಮೇಲೆ ಗುಳ್ಳೆಗಳ ಬಾಧೆಗೆ ತುತ್ತಾದವರು ಮಾತ್ರ ಅಲಕ್ಷಿಸಬಾರದು.

ದೋಣಿ ಹತ್ತುವ ಮುನ್ನ ಒಂದು ಪ್ರಶ್ನಾವಳಿಯನ್ನು ಕೈಗೆ ಕೊಡುತ್ತಾರೆ. ವಯಸ್ಸು ನಲವತ್ತೈದು ದಾಟಿದೆಯೆ, ಧೂಮಪಾನವುಂಟೆ, ರಕ್ತದೊತ್ತಡವುಂಟೆ, ಹತ್ತಿರದ ಬಂಧುಗಳಾರಾದರೂ ಐವತ್ತು ತುಂಬುವ ಮೊದಲೇ ಹೃದ್ರೋಗದಿಂದ ತೀರಿಕೊಂಡರೆ? ಮಕ್ಕಳು ಅವಸರಪಡಿಸುತ್ತಿರುತ್ತಾರೆ, ಹಣ ಕಟ್ಟಿ ಆಗಿರುತ್ತದೆ. ಓದದೆಯೇ ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕುವುದು ಸುಲಭ. ಆದರೆ ಆ ಕಾಗದವನ್ನು ವಂಚಿಸಿದವನು ವಂಚಿಸುವುದು ತನ್ನ ಎದೆಯನ್ನೇ. ಆದುದರಿಂದ ಪ್ರವಾಸಕ್ಕೆ ಒಂದೆರಡು ತಿಂಗಳ ಮೊದಲೇ, ಮನೆಯಲ್ಲಿ ನೆಮ್ಮದಿಯಾಗಿ ಕುಳಿತಾಗ, ಆ ಪ್ರಶ್ನೆಗಳಿಗೆ ಉತ್ತರಿಸಿ. ಒಂದೇ ಒಂದು 'ಹೌದು' ಬಂದರೂ ವೈದ್ಯರನ್ನು ಕಾಣಿ. ಅವರು ಬೇಡವೆಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಕಡಲು ಅಲ್ಲಿಯೇ ಇರುತ್ತದೆ, ನೀವೂ ಇರಬೇಕು.